ನೀರುನಾಯಿ ಬಂದರೆ ಮಿಂಕ್ ತಾನಾಗಿ ಹೋಗುತ್ತದೆಯೇ?

ಇಂಗ್ಲೆಂಡಿನ ಹೊಳೆಗಳಲ್ಲಿ ಅಮೆರಿಕನ್ ಮಿಂಕ್ (ತುಪ್ಪಳದ ಫಾರ್ಮ್‌ಗಳಿಂದ ತಪ್ಪಿಸಿಕೊಂಡು ಹೊಳೆದಂಡೆಗಳಲ್ಲಿ ಹರಡಿದ, ಮುಂಗುಸಿಯಷ್ಟಿರುವ ಬೇಟೆಗಾರ ಪ್ರಾಣಿ) ಹಿಡಿಯುವ ಕೆಲಸದ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಬಹಳ ಪತ್ರಗಳು ಬಂದವು. ಹೊಸ ಓದುಗರಿಗಾಗಿ ಒಂದು ಮಾತು: ನಾನಿರುವುದು ನಾರ್ಫೋಕ್ ಕೌಂಟಿಯಲ್ಲಿ. ಮನೆ ಹತ್ತಿರದ ಹೊಳೆಯಲ್ಲಿ ಮಿಂಕ್ ಪತ್ತೆಗೆಂದು ಕಟ್ಟಿರುವ ಒಂದು ತೆಪ್ಪವನ್ನು ಸ್ವಯಂಸೇವಕಿಯಾಗಿ ನೋಡಿಕೊಳ್ಳುತ್ತೇನೆ.

ಪ್ರಶ್ನೆ: ನನ್ನ ಮಗಳು ನಾರ್ವಿಚ್‌ನಲ್ಲಿದ್ದಾಳೆ. ಬೆಳಿಗ್ಗೆ ವಾಕಿಂಗ್ ಹೋದಾಗ ಹೊಳೆಯಲ್ಲಿ ಕಪ್ಪಗಿನ ಪ್ರಾಣಿಯೊಂದು ಈಜುತ್ತಿತ್ತಂತೆ. ಅವಳು ನೀರುನಾಯಿ ಅನ್ನುತ್ತಾಳೆ, ಅಳಿಯಂದಿರು ಮಿಂಕ್ ಅನ್ನುತ್ತಾರೆ. ಗುರುತಿಸುವುದು ಹೇಗೆ? (ಓದುಗರು, ಧಾರವಾಡ)

ಗಾತ್ರದಲ್ಲಿ ಎರಡಕ್ಕೂ ಅಜಗಜಾಂತರ. ಬೆಳೆದ ನೀರುನಾಯಿ ಬಾಲ ಸೇರಿ ಒಂದು ಮೀಟರಿಗಿಂತ ಉದ್ದ, ತೂಕ 7ರಿಂದ 10 ಕೆಜಿ. ಗಂಡು ಮಿಂಕ್ ಒಂದೂವರೆ ಕೆಜಿ ಮುಟ್ಟಿದರೆ ಹೆಚ್ಚು. ಹೆಣ್ಣು ಅದರ ಅರ್ಧದಷ್ಟಿರುತ್ತದೆ. ನಮ್ಮ ಮುಂಗುಸಿಯಷ್ಟು ಅಂದುಕೊಳ್ಳಿ. ಆದರೆ ನೀರಿನಲ್ಲಿದ್ದಾಗ ಗಾತ್ರ ಅಂದಾಜಿಗೆ ಸಿಗುವುದಿಲ್ಲ. ಆಗ ಈಜುವ ರೀತಿ ನೋಡಬೇಕು. ನೀರುನಾಯಿ ಮೈ ಮುಳುಗಿಸಿಕೊಂಡು ಚಪ್ಪಟೆ ತಲೆಯನ್ನಷ್ಟೇ ಮೇಲಿಟ್ಟು ಸಾಗುತ್ತದೆ. ಮಿಂಕ್ ಹಗುರ, ಹಾಗಾಗಿ ಅದರ ಬೆನ್ನು ನೀರಿನ ಮೇಲೆ ಕಾಣುತ್ತದೆ. ಗಲ್ಲದ ಮೇಲೆ ಬಿಳಿ ಮಚ್ಚೆ ಕಂಡರೆ ಮಿಂಕ್ ಅಂತಲೇ ಇಟ್ಟುಕೊಳ್ಳಿ.

ಇನ್ನೊಂದು ದಾರಿ ಹಿಕ್ಕೆ. ಸೇತುವೆ ಕೆಳಗಿನ ಕಟ್ಟೆಯ ಮೇಲೋ ದಂಡೆಯ ಕಲ್ಲಿನ ಮೇಲೋ ಹುಡುಕಲು ಮಗಳಿಗೆ ಹೇಳಿ. ನೀರುನಾಯಿಯ ಹಿಕ್ಕೆಯ ತುಂಬ ಮೀನಿನ ಮುಳ್ಳು, ಹುರುಪೆ ಇರುತ್ತವೆ. ಸಿಹಿ ಕಲೆತ ಮೀನಿನ ವಾಸನೆ ಬರುತ್ತದೆ, ಅಷ್ಟೇನೂ ಕೆಟ್ಟದ್ದಲ್ಲ. ಮಿಂಕ್‌ನದ್ದು ಮೂಗು ಹತ್ತಿರ ತರಲಾಗದಷ್ಟು ನಾತ.

ನಾರ್ವಿಚ್ ಇರುವುದು ನಮ್ಮ ನಾರ್ಫೋಕ್‌ನಲ್ಲೇ. ಇಲ್ಲಿ ಮಿಂಕ್ ಹಿಡಿದು ಹಿಡಿದು ಬಹಳ ಕಡಿಮೆಯಾಗಿದೆ, ಹಾಗಾಗಿ ಅವಳು ನೋಡಿದ್ದು ನೀರುನಾಯಿಯೇ ಆಗಿರುವ ಸಾಧ್ಯತೆ ಜಾಸ್ತಿ. ಆದರೂ ಫೋಟೊ ಸಿಕ್ಕಿದರೆ ಅಲ್ಲಿನ ವನ್ಯಜೀವಿ ಸಂಸ್ಥೆಗೆ ಕಳಿಸಲಿ. ಒಂದೇ ಒಂದು ಮಿಂಕ್ ಉಳಿದಿದ್ದರೂ ಅದು ದೊಡ್ಡ ಸುದ್ದಿ.

ಪ್ರಶ್ನೆ: ಮೇಡಂ, ಮಿಂಕ್ ಬಂದಿದ್ದರಿಂದಲೇ ಇಂಗ್ಲೆಂಡಿನಲ್ಲಿ ನೀರುನಾಯಿಗಳು ಕಡಿಮೆಯಾದವು ಎಂದು ಓದಿದ್ದೆ. ನೀವು ಹಾಗೆ ಬರೆದಿಲ್ಲ. ಯಾವುದು ಸರಿ? (ಪದವಿ ವಿದ್ಯಾರ್ಥಿನಿ, ಮೈಸೂರು)

ಆ ಆರೋಪ ಮಿಂಕ್ ತಲೆಗೆ ಕಟ್ಟುವುದು ಬೇಡ. ನೀರುನಾಯಿಗಳು ಕುಸಿಯಲು ಶುರುವಾಗಿದ್ದು 1950ರ ದಶಕದ ಕೊನೆಯಲ್ಲಿ. ಕಾಡಿಗೆ ಬಿದ್ದ ಮಿಂಕ್ ಮರಿ ಹಾಕಿದ್ದು ಖಚಿತವಾಗಿ ಗೊತ್ತಾಗಿದ್ದೇ 1956ರಲ್ಲಿ, ಅದೂ ಡೆವನ್‌ನ ಟೀನ್ ನದಿಯ ಹತ್ತಿರ. ಇಷ್ಟು ಬೇಗ ದೇಶದ ತುಂಬ ನೀರುನಾಯಿ ಓಡಿಸುವಷ್ಟು ಮಿಂಕ್ ಆಗ ಎಲ್ಲಿದ್ದವು?

ಕೊಂದದ್ದು ವಿಷ. ಬಿತ್ತನೆ ಬೀಜಕ್ಕೆ ಡೀಲ್ಡ್ರಿನ್, ಆಲ್ಡ್ರಿನ್ ಎಂಬ ಕೀಟನಾಶಕಗಳನ್ನು ಹಚ್ಚುತ್ತಿದ್ದರು. ಕುರಿಗಳ ಮೈಯ ಹುಳ ಕಳೆಯಲು ಅವನ್ನು ಡೀಲ್ಡ್ರಿನ್ ಬೆರೆಸಿದ ನೀರಿನಲ್ಲಿ ಮುಳುಗಿಸುತ್ತಿದ್ದರು. ಅದೆಲ್ಲ ಹೊಳೆ ಸೇರಿ, ಮೀನಿನ ಕೊಬ್ಬು ಸೇರಿ, ಕೊನೆಗೆ ಮೀನು ತಿನ್ನುವ ನೀರುನಾಯಿಯ ಮೈ ಸೇರಿತು. 1977–79ರಲ್ಲಿ ಇಂಗ್ಲೆಂಡಿನಲ್ಲಿ ಸಮೀಕ್ಷೆ ಮಾಡಿದಾಗ 100 ಜಾಗಗಳಲ್ಲಿ ಸುಮಾರು 6ರಲ್ಲಿ ಮಾತ್ರ ನೀರುನಾಯಿಯ ಗುರುತು ಸಿಕ್ಕಿತು. ಬೇಟೆನಾಯಿ ಬಿಟ್ಟು ಅವನ್ನು ಬೇಟೆಯಾಡುವುದು ಕಾನೂನಿನಲ್ಲಿ ನಿಂತಿದ್ದೂ 1978ರಲ್ಲಿ. ವಿಷದ ಬಳಕೆ ಹಂತಹಂತವಾಗಿ ನಿಂತ ಮೇಲೆ ಅವು ನಿಧಾನಕ್ಕೆ ಮರಳಿದವು. 2009–10ರ ಸಮೀಕ್ಷೆಯಲ್ಲಿ ಆ 6 ಎಂಬುದು 60ರ ಹತ್ತಿರ ಬಂತು. 2011ರಲ್ಲಿ ಕೆಂಟ್‌ನಲ್ಲೂ ಕಂಡವು. ಅಲ್ಲಿಗೆ ಇಂಗ್ಲೆಂಡಿನ ಎಲ್ಲ ಕೌಂಟಿಗಳಿಗೂ ವಾಪಸ್ ಬಂದಂತಾಯಿತು.

ನಡುವೆ ಆದದ್ದಿಷ್ಟು: ನೀರುನಾಯಿ ಇಲ್ಲದೆ ಖಾಲಿ ಬಿದ್ದ ಹೊಳೆಗಳಲ್ಲಿ ಮಿಂಕ್ ಸಲೀಸಾಗಿ ಹರಡಿತು.

ಪ್ರಶ್ನೆ: ನೀರುನಾಯಿ ಮರಳಿದ ಕಡೆ ಮಿಂಕ್ ಕಡಿಮೆಯಾಗುತ್ತದೆ ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಬೋನು, ಬಂದೂಕು ಯಾಕೆ? ನೀರುನಾಯಿಗಳಿಗೇ ಬಿಟ್ಟುಬಿಡಬಹುದು ಅಲ್ವಾ? (ನಿವೃತ್ತ ಶಿಕ್ಷಕರು, ಸಾಗರ)

ಸರ್, ಈ ಮಾತನ್ನು ಇಲ್ಲಿನ ಜನರೂ ದಿನಾ ಕೇಳುತ್ತಾರೆ. ಕೇಳಲು ಹಿತವಾಗಿದೆ. ಆದರೆ ಇದನ್ನು ನಂಬಿ ಕೂತರೆ ವಾಟರ್ ವೋಲ್ ಉಳಿಯುವುದಿಲ್ಲ.

ವಾಟರ್ ವೋಲ್ ಅಂದರೆ ಹೊಳೆದಂಡೆಯ ಬಿಲದಲ್ಲಿ ಬಾಳುವ, ದುಂಡು ಮೂತಿಯ, ಹುಲ್ಲು ತಿನ್ನುವ ಇಲಿ ಜಾತಿಯ ಪ್ರಾಣಿ. ಅಪಾಯ ಕಂಡರೆ ಅದು ನೀರಿಗೆ ಧುಮುಕಿ, ಕೆಸರೆಬ್ಬಿಸಿ, ನೀರೊಳಗಿನ ಬಾಗಿಲಿನಿಂದ ಬಿಲ ಸೇರುತ್ತದೆ. ಕೊಕ್ಕರೆ, ನರಿ ಎಲ್ಲಕ್ಕೂ ಈ ಉಪಾಯ ಸಾಕಾಗಿತ್ತು. ಮಿಂಕ್‌ಗೆ ಸಾಕಾಗಲಿಲ್ಲ. ಅದು ನೀರಿನಲ್ಲೂ ಬೆನ್ನಟ್ಟುತ್ತದೆ. ಹೆಣ್ಣು ಮಿಂಕ್ ಎಷ್ಟು ಸಣ್ಣದೆಂದರೆ ಬಿಲದೊಳಕ್ಕೇ ನುಗ್ಗುತ್ತದೆ. ಮರಿ ಸಾಕುವ ಒಂದು ಹೆಣ್ಣು ಒಂದೇ ಋತುವಿನಲ್ಲಿ ಹೊಳೆಯ ಒಂದು ಭಾಗವನ್ನು ಪೂರ್ತಿ ಖಾಲಿ ಮಾಡಬಲ್ಲದು. ಬ್ರಿಟನ್ನಿನಲ್ಲಿ ವಾಟರ್ ವೋಲ್ ಹಿಂದೆ ಇದ್ದ ಜಾಗಗಳಲ್ಲಿ 90%ಕ್ಕಿಂತ ಹೆಚ್ಚು ಕಡೆ ಈಗ ಇಲ್ಲ. ದಂಡೆಗಳು ಹಾಳಾಗಿದ್ದು ಒಂದು ಕಾರಣ, ಮಿಂಕ್ ಇನ್ನೊಂದು.

ಈಗ ನೀರುನಾಯಿ ವಿಷಯ. ಅದು ದೊಡ್ಡದು, ತನ್ನ ಜಾಗ ಬಿಟ್ಟುಕೊಡುವುದಿಲ್ಲ, ಮಿಂಕ್ ಸಿಕ್ಕರೆ ಅಟ್ಟುತ್ತದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಥೇಮ್ಸ್ ನದಿಯ ಮೇಲ್ಭಾಗದಲ್ಲಿ ಇದನ್ನು ವರ್ಷಗಟ್ಟಲೆ ಗಮನಿಸಿದರು. ನೀರುನಾಯಿ ಬಂದ ಕಡೆ ಮಿಂಕ್ ಗುರುತು ಇಳಿಯಿತು ನಿಜ. ಆದರೆ ಉಳಿದ ಮಿಂಕ್‌ಗಳು ಹೊಂದಿಕೊಂಡವು. ರಾತ್ರಿ ಓಡಾಡುತ್ತಿದ್ದವು ಹಗಲಿಗೆ ಬದಲಾದವು. ಮೀನು ತಿನ್ನುವುದು ಕಡಿಮೆಯಾಯಿತು, ದಂಡೆ ಮೇಲಿನ ಪ್ರಾಣಿಗಳನ್ನು ತಿನ್ನುವುದು ಹೆಚ್ಚಾಯಿತು. ಅಂದರೆ ಒಂದೇ ಹೊಳೆಯನ್ನು ಹೊತ್ತು ಹಂಚಿಕೊಂಡು, ಊಟ ಹಂಚಿಕೊಂಡು ಎರಡೂ ಬಾಳಬಲ್ಲವು. ಗದ್ದೆ ಬದಿಯ ಸಣ್ಣ ಕಾಲುವೆಗಳಿಗೆ ನೀರುನಾಯಿ ಬರುವುದೇ ಅಪರೂಪ. ವಾಟರ್ ವೋಲ್‌ಗೆ ಉಳಿದಿರುವ ಆಸರೆ ಅಲ್ಲೇ. ಅಲ್ಲಿ ಅದನ್ನು ಕಾಯುವವರು ಯಾರು?

ಹಾಗಾಗಿ ತೆಪ್ಪ ಬೇಕು. ನನ್ನದು ಎರಡು ಪ್ಲೈವುಡ್ ಹಲಗೆ, ನಡುವೆ ಥರ್ಮಾಕೋಲ್. ಮೇಲೆ ಎರಡೂ ಕಡೆ ಬಾಯಿರುವ ಮರದ ಗೂಡು. ಗೂಡಿನ ನೆಲದಲ್ಲಿ ಜೇಡಿಮಣ್ಣು, ಮರಳು ಕಲಸಿ ಹಾಸಿದ ಬುಟ್ಟಿ. ಕೆಳಗಿನಿಂದ ನೀರು ಹೀರಿ ಮಣ್ಣು ಸದಾ ಒದ್ದೆ ಇರುತ್ತದೆ. ಯಾವ ಪ್ರಾಣಿ ದಾಟಿದರೂ ಅಚ್ಚು ಬೀಳುತ್ತದೆ. ಬಾತುಕೋಳಿಯ ಹೆಜ್ಜೆ ಬಂದರೆ ಒರೆಸಿ ಬರುತ್ತೇನೆ. ವಾಟರ್ ವೋಲ್ ಬಂದು ಕೂತು ಜೊಂಡು ಕಡಿದು ಹೋಗಿರುತ್ತದೆ, ಓರೆಯಾಗಿ ಕತ್ತರಿಸಿದ ತುಂಡುಗಳು ಅಲ್ಲೇ ಬಿದ್ದಿರುತ್ತವೆ. ಆ ತುಂಡು ಕಂಡ ದಿನ ನನಗೆ ಬೇರೆ ಖುಷಿ ಬೇಡ. ಐದು ಬೆರಳು ಹರಡಿದ, ಉಗುರು ಊರಿದ ಮಿಂಕ್‌ನ ಅಚ್ಚು ಬಿದ್ದರೆ ಮಾತ್ರ ಗೂಡಿನೊಳಗೆ ಬೋನು ಇಡುವುದು ಹಳೆಯ ಪದ್ಧತಿ. ಈಗ ಅನೇಕ ಕಡೆ ಬೋನು ಮೊದಲೇ ಇರುತ್ತದೆ. ಬಾಗಿಲು ಬಿದ್ದ ಕೂಡಲೇ ಫೋನಿಗೆ ಸಂದೇಶ ಬರುತ್ತದೆ. ಮಿಂಕ್ ಗ್ರಂಥಿಯ ವಾಸನೆಯನ್ನೇ ಆಮಿಷವಾಗಿ ಇಡುತ್ತಾರೆ.

ನೀರುನಾಯಿ ಸಿಕ್ಕಿಬೀಳದಂತೆ ಬೋನಿನ ಬಾಯಿಗೆ ಒಂದು ತಡೆ ಕೂರಿಸಿರುತ್ತೇವೆ. ಮಿಂಕ್ ನುಸುಳಬಹುದು, ಬೆಳೆದ ನೀರುನಾಯಿಗೆ ಆಗದು. ಈ ತಡೆ ಇಲ್ಲದೆ ಹೊಳೆಯಲ್ಲಿ ಬೋನಿಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದಶಕಗಟ್ಟಲೆ ಕಾದು ಮರಳಿ ಪಡೆದ ಪ್ರಾಣಿಯನ್ನು ಸುಮ್ನೆ ಅಜಾಗರೂಕತೆಯಿಂದ ನೋಯಿಸುವುದು ಯಾವ ನ್ಯಾಯ?

ಪ್ರಶ್ನೆ: ಅಕ್ಕಾ, ಮಿಂಕ್ ಏನು ತಪ್ಪು ಮಾಡಿದೆ? ಅದನ್ನು ಕೊಲ್ಲಲು ನಿಮಗೆ ಮನಸ್ಸಾದರೂ ಹೇಗೆ ಬರುತ್ತದೆ? (ಓದುಗರು, ಬೆಂಗಳೂರು)

ತಂಗಿ, ಮಿಂಕ್ ಯಾವ ತಪ್ಪೂ ಮಾಡಿಲ್ಲ. 1929ರಲ್ಲಿ ತುಪ್ಪಳಕ್ಕಾಗಿ ಅದನ್ನು ಉತ್ತರ ಅಮೆರಿಕದಿಂದ ಬ್ರಿಟನ್ನಿಗೆ ತಂದವರು ಮನುಷ್ಯರು. ಬೇಲಿ ಸರಿಯಿಡದೆ ತಪ್ಪಿಸಿಕೊಳ್ಳಲು ಬಿಟ್ಟವರೂ ಅವರೇ. 1998ರಲ್ಲಿ ಹ್ಯಾಂಪ್‌ಶೈರ್‌ನ ಒಂದು ಫಾರ್ಮಿನಿಂದ ಪ್ರಾಣಿಪ್ರಿಯರು ಎನಿಸಿಕೊಂಡವರು ಸಾವಿರಾರು ಮಿಂಕ್‌ಗಳನ್ನು ಹೊರಗೆ ಬಿಟ್ಟರು. ಪಂಜರದಲ್ಲೇ ಹುಟ್ಟಿದ ಪ್ರಾಣಿಗಳು ಅವು. ಅದನ್ನು ದಯೆ ಎನ್ನಲು ನನಗಾಗುವುದಿಲ್ಲ. ತುಪ್ಪಳದ ಫಾರ್ಮ್‌ಗಳನ್ನು ನಿಷೇಧಿಸುವ ಕಾನೂನು ಬಂದಿದ್ದು 2000ದಲ್ಲಿ. ಅಷ್ಟರಲ್ಲಿ ಮಿಂಕ್ ದೇಶದ ತುಂಬ ಆಗಿತ್ತು.

ಬೋನಿಗೆ ಬಿದ್ದ ಮಿಂಕನ್ನು ಮತ್ತೆ ಬಿಡುವುದು ಇಲ್ಲಿ ಕಾನೂನಿಗೆ ವಿರುದ್ಧ. ತರಬೇತಿ ಪಡೆದವರು ಬೇಗ ಬಂದು, ಏರ್ ಗನ್ನಿನಿಂದ ಒಂದೇ ಏಟಿಗೆ ಕೊಲ್ಲುತ್ತಾರೆ. ನಾನು ಪಕ್ಕದಲ್ಲಿ ನಿಂತಿದ್ದೇನೆ. ಬೋನಿನ ಮೂಲೆಯಲ್ಲಿ ಹೊಳೆಯುವ ಮೈ, ಎಚ್ಚರದ ಕಣ್ಣು. ಬಹಳ ಚೆಂದದ ಪ್ರಾಣಿ. ಸಂಕಟವಾಗುತ್ತದೆ, ಆಗಲೇಬೇಕು.

ಆದರೆ ನನಗೆ ಇದಕ್ಕಿಂತ ಕ್ರೂರವಾಗಿ ಕಾಣುವುದು ಅರೆಮನಸ್ಸಿನ ಕೆಲಸ. ಒಂದು ಊರಿನಲ್ಲಿ ಹಿಡಿದು ಪಕ್ಕದ ಊರಿನಲ್ಲಿ ಹಿಡಿಯದೆ ಸುಮ್ಮನಿದ್ದರೆ ಖಾಲಿ ಜಾಗಕ್ಕೆ ಹೊಸ ಮಿಂಕ್ ಬರುತ್ತಲೇ ಇರುತ್ತದೆ. ಕೊಲ್ಲುವುದು ಮುಗಿಯುವುದೇ ಇಲ್ಲ. ಸರ್ಕಾರ 1964ರಿಂದ ಒಂದು ಪ್ರಯತ್ನ ಮಾಡಿ 1970ರಲ್ಲಿ ಕೈಬಿಟ್ಟಿತ್ತು. ಆಗಲೇ ಮುಗಿಸಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು! ಮುಗಿಸಲು ಆಗುತ್ತದೆ ಎಂಬುದಕ್ಕೆ ಇದೇ ನಾರ್ಫೋಕ್ ಕಡೆ ಸಾಕ್ಷಿ ಇದೆ. ತುಪ್ಪಳಕ್ಕೆಂದೇ ತಂದ ಕೊಯ್ಪು ಎಂಬ ದಕ್ಷಿಣ ಅಮೆರಿಕದ ದೊಡ್ಡ ಹೆಗ್ಗಣವನ್ನು 1981ರಲ್ಲಿ ಪಟ್ಟುಹಿಡಿದು ಹಿಡಿಯಲು ಶುರುಮಾಡಿದರು. 1989ಕ್ಕೆ ಮುಗಿಯಿತು. ಆಮೇಲೆ ಯಾರೂ ಕೊಯ್ಪು ಕೊಲ್ಲಬೇಕಾಗಿಲ್ಲ. ಮಿಂಕ್ ವಿಷಯದಲ್ಲೂ ವಾಟರ್‌ಲೈಫ್ ರಿಕವರಿ ಟ್ರಸ್ಟ್ ಈಗ ಅದೇ ಹಟ ಹಿಡಿದಿದೆ. ನಾರ್ಫೋಕ್, ಸಫೋಕ್ ಭಾಗದಲ್ಲಿ ಮಿಂಕ್ ಮರಿ ಹಾಕುವುದು ನಿಂತಂತಿದೆ. ನನ್ನ ತೆಪ್ಪದ ಬೋನಿಗೆ ಮಿಂಕ್ ಬಿದ್ದು ಬಹಳ ದಿನವಾಯಿತು. ಹೀಗೇ ಇರಲಿ ಎಂಬುದೇ ನನ್ನ ಆಸೆ.

ಪ್ರಶ್ನೆ: ತುಂಗಭದ್ರೆಗೂ ಮಿಂಕ್ ಬರಬಹುದೇ? ನಮ್ಮ ನೀರುನಾಯಿಗಳ ಗತಿ ಏನು? (ಓದುಗರು, ಕಂಪ್ಲಿ)

ಆ ಭಯ ಬೇಡ. ಭಾರತದ ಹೊಳೆಗಳಲ್ಲಿ ಮಿಂಕ್ ಇಲ್ಲ. ನಿಮ್ಮ ಊರಿನ ನೀರುನಾಯಿಯೂ ಇಂಗ್ಲೆಂಡಿನ ಜಾತಿಯದಲ್ಲ, ಬೇರೆ ಜಾತಿ. ನುಣುಪು ತುಪ್ಪಳದ್ದು, ಗುಂಪಾಗಿ ಬಾಳುವಂಥದ್ದು. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿ.ಮೀ. ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶ ಎಂದು ಘೋಷಿಸಿದ್ದಾರೆ, ನೀರುನಾಯಿಗೆಂದೇ ದೇಶದಲ್ಲಿ ಆದ ಮೊದಲನೆಯದು.

ಅಲ್ಲಿನ ಅಪಾಯಗಳು ಬೇರೆ. ಸಿಡಿಮದ್ದು ಹಾಕಿ ಮೀನು ಹಿಡಿಯುವುದು, ಮರಳು ತೆಗೆಯುವುದು, ದಂಡೆಯ ಜೊಂಡಿಗೆ ಬೆಂಕಿ ಇಡುವುದು. ಹೊರಗಿನಿಂದ ಬಂದ ಜೀವಿ ಬೇಕೆಂದರೆ ಆಫ್ರಿಕನ್ ಕ್ಯಾಟ್‌ಫಿಶ್ ನೋಡಿ. ಸಾಕುವುದನ್ನು ನಿಷೇಧಿಸಿದ್ದರೂ ಕದ್ದುಮುಚ್ಚಿ ಸಾಕುವವರಿದ್ದಾರೆ, ಹೊಂಡ ತುಂಬಿ ಹರಿದರೆ ಮೀನು ನೇರ ಹೊಳೆಗೆ. ನಿಮ್ಮ ಕಡೆ ಅಂಥ ಹೊಂಡ ಕಂಡರೆ ಮೀನುಗಾರಿಕೆ ಇಲಾಖೆಗೆ ತಿಳಿಸಿ, ಸಿಡಿಮದ್ದಿನ ಸದ್ದು ಕೇಳಿದರೆ ಅರಣ್ಯ ಇಲಾಖೆಗೆ. ಬಂಡೆಯ ಮೇಲೆ ಹುರುಪೆ ತುಂಬಿದ ಹಿಕ್ಕೆ ಕಂಡರೆ ಜಾಗ, ತಾರೀಖು ಬರೆದಿಟ್ಟುಕೊಳ್ಳಿ. ಮರಿ ಇರುವ ಗೂಡಿನ ಹತ್ತಿರ ಮಾತ್ರ ಹೋಗಬೇಡಿ, ಫೋಟೊ ಆಸೆಗೂ ಬೇಡ.