ಕಡಲ ತಳದ ಕೆಸರು ಸುಮ್ನೆ ಬಿದ್ದಿರುವುದಿಲ್ಲ

ಪ್ರತಿ ಮಳೆಗಾಲವೂ ಇವೇ ಪ್ರಶ್ನೆಗಳು ಬರುತ್ತವೆ. ಈ ಸಲ ಮೊದಲನೆಯದನ್ನು ಬಿಡಿಸಿ ಹೇಳುತ್ತೇನೆ.

ಪ್ರಶ್ನೆ: ನಮ್ಮ ಕೆಂಪು ಮಣ್ಣು ಶರಾವತಿ ಸೇರಿ ಕಡಲ ತಳದಲ್ಲಿ ಕೂರುತ್ತದೆ. ಅಲ್ಲಿಗೆ ಅದರ ಕಥೆ ಮುಗಿಯಿತು, ಅಲ್ವಾ? (ಸಾಗರ ತಾಲ್ಲೂಕಿನ ಓದುಗರು)

ಉತ್ತರ: ಇಲ್ಲ. ಬಹುಪಾಲು ಮಣ್ಣು ಲಿಂಗನಮಕ್ಕಿ ಜಲಾಶಯದಲ್ಲೇ ಕೂರುತ್ತದೆ. ಹೊನ್ನಾವರ ದಾಟಿ ಕಡಲಿಗಿಳಿದ ಪಾಲಿನ ಕೆಲಸ ಅಲ್ಲಿಂದ ಶುರುವಾಗುತ್ತದೆ.

ನೀರು ನಿಂತ ಗದ್ದೆಯಲ್ಲಿ ಕಾಲು ಹೂತುಹೋದಾಗ ನೋಡಿ. ಮೇಲೆ ತೆಳು ಕಂದು ಪದರ. ಅದರಡಿ ಕಪ್ಪು ಕೆಸರು, ಕೊಳೆತ ಮೊಟ್ಟೆಯ ವಾಸನೆ. ದಡದ ಹತ್ತಿರದ ಕಡಲ ತಳವೂ ಹೀಗೇ ಇರುತ್ತದೆ. ಮೇಲಿಂದ ಬಿದ್ದ ಸತ್ತ ಪಾಚಿಯನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ. ಮೇಲಿನ ಕೆಲವು ಮಿಲಿಮೀಟರಿನಲ್ಲೇ ಆಮ್ಲಜನಕ ಖಾಲಿ. ಆಮೇಲೆ ಅವು ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣದ ತುಕ್ಕು, ಸಲ್ಫೇಟ್ ಹೀಗೆ ಒಂದೊಂದನ್ನೇ ಬಳಸಿ ಉಸಿರಾಡುತ್ತವೆ. ನೈಟ್ರೇಟ್ ಸಾರಜನಕ ಅನಿಲವಾಗಿ ಹಾರಿಹೋಗುತ್ತದೆ. ಗದ್ದೆಗೆ ಹಾಕಿದ ಯೂರಿಯಾದ ಒಂದು ಪಾಲೂ ಹೀಗೇ ಹೋಗುವುದು. ನಮ್ಮ ಮಣ್ಣಿಗೆ ಕೆಂಪು ಕೊಟ್ಟಿರುವುದೇ ಆ ತುಕ್ಕು. ಅದು ಕರಗಿದಾಗ ಹಿಡಿದಿಟ್ಟುಕೊಂಡಿದ್ದ ರಂಜಕ ಮತ್ತೆ ನೀರಿಗೆ ಸೇರುತ್ತದೆ, ಪಾಚಿಗೆ ಗೊಬ್ಬರವಾಗುತ್ತದೆ.

ಮಳೆಗಾಲದ ಕೊನೆಯ ಹೊತ್ತಿಗೆ ಪಶ್ಚಿಮ ಕರಾವಳಿಯ ಹತ್ತಿರಕ್ಕೆ ಆಮ್ಲಜನಕ ಕಡಿಮೆಯಿರುವ ನೀರು ಆಳದಿಂದ ಏರಿ ಬರುತ್ತದೆ. ಆಗ ತುಕ್ಕಿನ ಆ ಕಂದು ಪದರವೂ ಉಳಿಯುವುದಿಲ್ಲ, ರಂಜಕ ಇನ್ನೂ ಜಾಸ್ತಿ ಹೊರಬರುತ್ತದೆ. 1999ರಲ್ಲಂತೂ ಆ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ತಳದ ಹತ್ತಿರದ ನೀರಿನಲ್ಲೇ ಸಿಕ್ಕಿತ್ತು.

ಇನ್ನು ನಡುಗಡಲಿನಲ್ಲಿ, 4-5 ಕಿ.ಮೀ. ಆಳದಲ್ಲಿ, ಚಿಪ್ಪಿನ ಸುಣ್ಣ ಕರಗುತ್ತದೆ; ಗಾಳಿಯಿಂದ ಕಡಲು ಸೇರಿದ ಇಂಗಾಲದ ಡೈಆಕ್ಸೈಡ್ ತಂದ ಹುಳಿಯನ್ನು ಅದು ಮುರಿಯುತ್ತದೆ. ತೋಟಕ್ಕೆ ನಾವು ಸುಣ್ಣ ಹಾಕುವ ಹಾಗೆ. ಆದರೆ ಅದಕ್ಕೆ ಸಾವಿರಾರು ವರ್ಷ ಬೇಕು. "ಕಡಲು ತಾನೇ ಸರಿಮಾಡಿಕೊಳ್ಳುತ್ತದೆ ಬಿಡಿ" ಎನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಮೊಮ್ಮಕ್ಕಳು ಅಷ್ಟು ಕಾಲ ಕಾಯಲಾರರು.

ಪ್ರಶ್ನೆ: ಕಡಲಿನ ಉಪ್ಪು ತಳದ ಮಣ್ಣಿನದ್ದಾ?

ಉತ್ತರ: ಅಲ್ಲ. ಬಂಡೆ ಸವೆದು ಹೊಳೆಗಳು ತಂದದ್ದು, ಜ್ವಾಲಾಮುಖಿಗಳು ಕೊಟ್ಟದ್ದು.

ಪ್ರಶ್ನೆ: "ಕಡಲ ತಳದ ಖನಿಜ ಮಣ್ಣು" ಎಂದು ಚೀಲದಲ್ಲಿ ಮಾರುತ್ತಿದ್ದಾರೆ. ಅಡಿಕೆ ಬುಡಕ್ಕೆ ಹಾಕಬಹುದಾ? (ತೀರ್ಥಹಳ್ಳಿಯ ಓದುಗರು)

ಉತ್ತರ: ಖಂಡಿತ ಬೇಡ. ಕಡಲ ಕೆಸರಿನಲ್ಲಿ ಉಪ್ಪಿರುತ್ತದೆ. ಕಪ್ಪಗಿದ್ದರೆ ಅದು ಕಬ್ಬಿಣದ ಸಲ್ಫೈಡ್. ಗಾಳಿ ತಾಗಿದರೆ ಗಂಧಕಾಮ್ಲವಾಗುತ್ತದೆ. ಮಲೆನಾಡಿನ ಮಣ್ಣು ಮೊದಲೇ ಹುಳಿ. ರೈತರ ದುಡ್ಡು ತಿಂದು ಅವರ ತೋಟವನ್ನೇ ಕೆಡಿಸುವ ವ್ಯಾಪಾರ ಇದು. ತೋಟಕ್ಕೆ ಏನೇ ಹಾಕುವ ಮುಂಚೆ ನಿಮ್ಮ ಮಣ್ಣು ಪರೀಕ್ಷೆ ಮಾಡಿಸಿ. ಈ ಚೀಲದ ಮಣ್ಣನ್ನು ಈಗಾಗಲೇ ಹಾಕಿದ್ದರೆ ಮಳೆ ಹಿಡಿಯುವ ಮುಂಚೆ ಬುಡದಿಂದ ಕೆರೆದು ತೆಗೆಯಿರಿ. ಬಸಿಗಾಲುವೆಗೆ ಮಾತ್ರ ಎಸೆಯಬೇಡಿ.