ಉಚಿತ ಆಟದಲ್ಲಿ ಹಣದ ಪಾತ್ರ

ಪ್ರಶ್ನೆ: ಅನೇಕರು ಅಂತರ್ಜಾಲದಲ್ಲಿ ಒಟ್ಟಿಗೆ ಆಡುವ ಕಂಪ್ಯೂಟರ್ ಆಟ ‘ಡಂಜನ್ಸ್ ಅಂಡ್ ಡ್ರಾಗನ್ಸ್ ಆನ್‌ಲೈನ್’ ಉಚಿತ ಆಟವೆನ್ನುತ್ತಾರೆ. ಹಣ ಕೊಡದೆ ನಿಜಕ್ಕೂ ಆಡಬಹುದೇ?

ಉತ್ತರ: ಖಂಡಿತ ಆಡಬಹುದು. ಅಮೆರಿಕದ ಟರ್ಬೈನ್ ಕಂಪನಿಯು 2006ರಲ್ಲಿ ತಿಂಗಳ ಚಂದಾದೊಂದಿಗೆ ಆರಂಭಿಸಿದ ಈ ಆಟವು 2009ರ ಸೆಪ್ಟೆಂಬರ್‌ನಲ್ಲಿ ‘ಎಬೆರಾನ್ ಅನ್‌ಲಿಮಿಟೆಡ್’ ಎಂಬ ಹೆಸರಿನಲ್ಲಿ ಉಚಿತ ಪ್ರವೇಶದೊಂದಿಗೆ ಮರುಬಿಡುಗಡೆಯಾಯಿತು. ಕೆಲವು ಸಾಹಸಗಳು, ಪಾತ್ರವರ್ಗಗಳು (ಆಟಗಾರ ಆರಿಸಿಕೊಳ್ಳುವ ಪಾತ್ರದ ಬಗೆಗಳು) ಮಾತ್ರ ಆಟದೊಳಗಿನ ಅಂಗಡಿಯಲ್ಲಿ ಪಾಯಿಂಟ್‌ಗಳಿಗೆ ದೊರೆಯುತ್ತವೆ. ಆ ಪಾಯಿಂಟ್‌ಗಳನ್ನು ಹಣ ಕೊಟ್ಟು ಕೊಳ್ಳುವುದರ ಜೊತೆಗೆ, ಕ್ವೆಸ್ಟ್‌ಗಳನ್ನು (ಆಟದಲ್ಲಿ ಒಪ್ಪಿಸುವ ಸಾಹಸಕಾರ್ಯಗಳನ್ನು) ಮುಗಿಸಿದಾಗ ಸಿಗುವ ‘ಫೇವರ್’ ಎಂಬ ಮನ್ನಣೆಯ ಅಂಕ ಹೆಚ್ಚಿದಂತೆ ಆಡಿಯೇ ಗಳಿಸಬಹುದು ಎಂಬುದು ಈ ವ್ಯವಸ್ಥೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಅಂಶ. ಒಂದೇ ಕ್ವೆಸ್ಟ್ ಅನ್ನು ಅದೇ ಕಠಿಣತೆಯ ಮಟ್ಟದಲ್ಲಿ ಮತ್ತೆ ಆಡಿದರೆ ಫೇವರ್ ಹೆಚ್ಚುವುದಿಲ್ಲ. ಸಾಮಾನ್ಯ ಮಟ್ಟದಿಂದ ‘ಹಾರ್ಡ್’ (ಕಠಿಣ), ಅಲ್ಲಿಂದ ‘ಎಲೀಟ್’ (ಇನ್ನೂ ಕಠಿಣ) ಮಟ್ಟಕ್ಕೇರಿದರೆ ಹೆಚ್ಚುತ್ತದೆ. ಆದ್ದರಿಂದ ಮೊದಲು ಉಚಿತ ಕ್ವೆಸ್ಟ್‌ಗಳನ್ನು ತಂಡದೊಂದಿಗೆ ಎಲೀಟ್‌ವರೆಗೆ ಮುಗಿಸಿ, ಬಂದ ಪಾಯಿಂಟ್‌ಗಳನ್ನು ಅಲಂಕಾರದ ಉಡುಪಿಗಿಂತ ಸಾಹಸಗಳಿಗೇ ಬಳಸಿ.