ಪ್ರತಿಕ್ರಿಯೆ: ಬಾಂಡ್ ಏಜೆಂಟರಿಗೆ ಕೊಟ್ಟ ದುಡ್ಡು ವಾಪಸ್ ಬರುತ್ತದೆಯೇ?

ಕ್ಯಾಲಿಫೋರ್ನಿಯಾದಲ್ಲಿ ತಮ್ಮನಿಗೆ 20,000 ಡಾಲರ್ ಬೇಲ್ ಆಗಿದೆ, ಶುಲ್ಕ ಪಡೆದು ಕೋರ್ಟಿಗೆ ಜಾಮೀನು ನಿಲ್ಲುವ ಬಾಂಡ್ ಏಜೆಂಟ್ ಕೇಳುವ 2,000 ಮರಳಿ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಇಲ್ಲ. ಅದು ಅವರ ಶುಲ್ಕ, ಕೇಸ್ ಬಿದ್ದುಹೋದರೂ ಹೋದದ್ದೇ. ಪೂರ್ತಿ ಮೊತ್ತ ನೀವೇ ಜೈಲಿಗೆ ಅಥವಾ ಕೋರ್ಟಿಗೆ ಕಟ್ಟಿದರೆ, ನಿಮ್ಮ ತಮ್ಮ ಪ್ರತಿ ವಿಚಾರಣೆಗೂ ಹಾಜರಾದಲ್ಲಿ ಕೇಸ್ ಮುಗಿದ ಮೇಲೆ ವಾಪಸ್ ಬರುತ್ತದೆ, ನಿಧಾನವಾಗಿ.

ಬಾಂಡ್ ಕಾಗದಕ್ಕೆ ಸಹಿ ಹಾಕುವವರು ಇಡೀ 20,000ಕ್ಕೆ ಹೊಣೆ. ಮನೆ ಅಡವಿಟ್ಟಿದ್ದರೆ ಅದೂ ಹೋಗಬಹುದು. ವಿಚಾರಣೆಯ ಒಂದು ದಿನಾಂಕ ತಪ್ಪಿದರೆ ಬಾಂಡ್ ಮುಟ್ಟುಗೋಲಾಗುತ್ತದೆ, ಅದನ್ನು ರದ್ದು ಮಾಡಿಸಲು ಸುಮಾರು 180 ದಿನ ಇರುತ್ತದೆ.

ನಿಮ್ಮ ತಮ್ಮ ಅಮೆರಿಕದ ಪ್ರಜೆಯಲ್ಲದಿದ್ದರೆ, ದುಡ್ಡು ಕೊಡುವ ಮೊದಲೇ ವಕೀಲರಿಂದ ವಲಸೆ ಇಲಾಖೆಯ ಹೋಲ್ಡ್ (ಬಿಡದೆ ತಮಗೆ ಒಪ್ಪಿಸಿ ಎಂಬ ಕೋರಿಕೆ) ಇದೆಯೇ ಎಂದು ವಿಚಾರಿಸಿ. ಇದ್ದರೆ ಬೇಲ್ ಕಟ್ಟಿದರೂ ಅವರು ಮನೆಗೆ ಬರದೆ ಇನ್ನೊಂದು ಬಂಧನಕ್ಕೆ ಹೋಗಬಹುದು. ಏಜೆಂಟರಿಗೆ ಪೂರ್ಣ ಹೆಸರು, ಹುಟ್ಟಿದ ದಿನಾಂಕ, ಬುಕಿಂಗ್ ನಂಬರ್ (ಜೈಲಿನಲ್ಲಿ ದಾಖಲಿಸುವಾಗ ಕೊಡುವ ಸಂಖ್ಯೆ) ಬೇಕು. ಬಾಂಡ್ ಸಲ್ಲಿಸಿದ ಮೇಲೂ ಬಿಡುಗಡೆಗೆ ಹಲವು ಗಂಟೆ ಹಿಡಿಯುತ್ತದೆ, ಗಾಬರಿ ಬೇಡ.